ದಿವಾಳಿ ಅರ್ಜಿ ಹಾಕುವಾಗ ಕರೆಂಟ್ ಬಾಕಿಯನ್ನು ಮರೆಯಬೇಡಿ

ಹಾಸನದಲ್ಲಿ ನಾನು ವಕೀಲರ ಗುಮಾಸ್ತ. ಶುಂಠಿ, ಆಲೂಗಡ್ಡೆ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರು ನಮ್ಮಲ್ಲಿಗೆ ಬರುತ್ತಾರೆ. ನಮ್ಮ ಕಡೆ ಸಾಮಾನ್ಯರ ದಿವಾಳಿ ಅರ್ಜಿ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿಯೇ ನಡೆಯುತ್ತದೆ. ಅದರಲ್ಲಿ ಯಾರ್‍ಯಾರಿಗೆ ಎಷ್ಟೆಷ್ಟು ಕೊಡಬೇಕು ಅಂತ ಹೆಸರು, ವಿಳಾಸದ ಸಮೇತ ಬರೆಯಬೇಕು. ಬ್ಯಾಂಕು, ಚೀಟಿ, ಕೈಸಾಲ ಎಲ್ಲರಿಗೂ ನೆನಪಿರುತ್ತೆ. ಕರೆಂಟ್ ಬಿಲ್ ಮಾತ್ರ ಬಿಟ್ಟುಹೋಗುತ್ತೆ.

ಮೊದಲು ಬಿಲ್ ತೆಗೆದು ಆರ್.ಆರ್. ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಯಾರ ಹೆಸರಲ್ಲಿದೆ ನೋಡಿ. ಬಾಡಿಗೆ ಮಳಿಗೆಯಾಗಿ ಮೀಟರ್ ಮಾಲೀಕರ ಹೆಸರಲ್ಲಿದ್ದರೆ ನೀವು ಕೊಡಬೇಕಾದ್ದು ಮಾಲೀಕರಿಗೆ. ಪಟ್ಟಿಯಲ್ಲಿ ಅವರ ಹೆಸರು ಹಾಕಿ. ನಿಮ್ಮದೇ ಮೀಟರ್ ಆದರೆ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿಯಾದ ಸೆಸ್ಕ್ ಹೆಸರು, ಉಪವಿಭಾಗದ ವಿಳಾಸ, ಬಾಕಿ ಬರೆಯಿರಿ. ನೀವು ಕಟ್ಟಿದ ಭದ್ರತಾ ಠೇವಣಿ ನಿಮ್ಮ ಆಸ್ತಿ, ಅದನ್ನೂ ತೋರಿಸಿ.

ಬಾಗಿಲು ಹಾಕಿದ ಅಂಗಡಿಗೆ ಒಂದು ಯೂನಿಟ್ ಉರಿಯದಿದ್ದರೂ ನಿಗದಿತ ಶುಲ್ಕ ಬೀಳುತ್ತಲೇ ಇರುತ್ತೆ. ಸುಮ್ನೆ ಸಾಲ ಬೆಳೆಸಬೇಡಿ. ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ: "ಅಂಗಡಿ ಮುಚ್ಚಿದ್ದೇನೆ. ಸಂಪರ್ಕ ತೆಗೆಯಿರಿ. ಠೇವಣಿಯನ್ನು ಬಾಕಿಗೆ ವಜಾ ಮಾಡಿ ಉಳಿದ ಲೆಕ್ಕ ಬರಹದಲ್ಲಿ ಕೊಡಿ." ಎರಡು ಪ್ರತಿ ಮಾಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಬೀಳದೆ ಕೌಂಟರ್ ಬಿಟ್ಟು ಕದಲಬೇಡಿ.

ಮನೆ ಮೀಟರಿನ ವಿಷಯ ಬೇರೆ. ಅರ್ಜಿ ಹಾಕಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ದಿವಾಳಿ ಎಂದು ಕೋರ್ಟ್ ಆದೇಶ ಮಾಡಿದ ಮೇಲೆ, ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ದಾವೆ ಹೂಡುವಂತಿಲ್ಲ. ಆದರೆ ಫ್ಯೂಸ್ ಕೀಳುವುದು ದಾವೆ ಅಲ್ಲ, ಅಲ್ವಾ? ಅದಕ್ಕೇ ಈ ತಿಂಗಳ ಬಿಲ್ ತಪ್ಪದೆ ಕಟ್ಟಿ, ಹಳೇ ಬಾಕಿಗೆ ಕಂತು ಕೇಳಿ ಅರ್ಜಿ ಕೊಡಿ. ಮಕ್ಕಳು ಓದುವ ಮನೆಯಲ್ಲಿ ದೀಪ ಆರಬಾರದು. ಗೃಹಜ್ಯೋತಿ ಇದ್ದರೆ ಹೊಸ ಬಿಲ್ಲಿನ ಭಾರ ಇಳಿಯುತ್ತೆ, ಹಳೇ ಬಾಕಿ ಹೋಗಲ್ಲ. ಅಂಗಡಿ ಮೀಟರಿಗೆ ಅದು ಅನ್ವಯಿಸುವುದೂ ಇಲ್ಲ.

ಕಟ್ ಮಾಡುವ ಮೊದಲು 15 ದಿನದ ಲಿಖಿತ ನೋಟಿಸ್ ಕೊಡಲೇಬೇಕು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಹಾಗೆ ಹೇಳುತ್ತದೆ. ಬಿಲ್ಲಿನ ಮೊತ್ತವೇ ತಪ್ಪು ಅನಿಸಿದರೆ ಆಕ್ಷೇಪಣೆ ಬರೆದುಕೊಟ್ಟು, ಕೇಳಿದ ಹಣ ಅಥವಾ ಹಿಂದಿನ 6 ತಿಂಗಳ ಸರಾಸರಿಯ ಲೆಕ್ಕ, ಯಾವುದು ಕಡಿಮೆಯೋ ಅದನ್ನು ಕಟ್ಟಿ. ತಕರಾರು ತೀರುವವರೆಗೆ ಲೈನ್ ಉಳಿಯುತ್ತೆ. ಎರಡು ವರ್ಷಕ್ಕಿಂತ ಹಳೆಯ ಬಾಕಿಯನ್ನು ಬಿಲ್ಲಿನಲ್ಲಿ ನಿರಂತರವಾಗಿ ತೋರಿಸುತ್ತಾ ಬಂದಿರದಿದ್ದರೆ ಆ ಮಾತನ್ನೂ ಆಕ್ಷೇಪಣೆಯಲ್ಲೇ ಎತ್ತಿ.

ನೋಟಿಸ್ ಇಲ್ಲದೆ ಕರೆಂಟ್ ತೆಗೆದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗುವಾಗ ಆ ನಂಬರ್, ಸೀಲು ಬಿದ್ದ ಪ್ರತಿ ಎರಡೂ ಬೇಕಾಗುತ್ತವೆ.