11 ಮಂದಿ ಕಮಿಟಿ, 4 ವೋಟು

ಫಾರ್ಮ್ 20 ಅಂತ ಒಂದು ಹಾಳೆ ಇರುತ್ತದೆ. ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ವೋಟು ಬಿತ್ತು ಅನ್ನೋದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. 2018ರ ವಿಧಾನಸಭೆ ಚುನಾವಣೆ ಮುಗಿದ ಮೇಲೆ ಅದು ನನ್ನ ಕೈಗೆ ಬಂತು. ರಾತ್ರಿ ಊಟ ಆದ ಮೇಲೆ ಪಡಸಾಲೆಯಲ್ಲಿ ಕೂತು, ಬೆರಳಿಟ್ಟು ಪಕ್ಕದ ಊರಿನ ಮತಗಟ್ಟೆ ಹುಡುಕಿದೆ. ನಮ್ಮ ಪಕ್ಷದ ಕಾಲಂನಲ್ಲಿ 4 ಅಂತ ಇತ್ತು.

ಆ ಊರಲ್ಲಿ ನಮ್ಮ ಬೂತ್ ಕಮಿಟಿ ಇತ್ತು. ನಾನೇ ಮಾಡಿದ್ದು. ಅದರಲ್ಲಿ 11 ಮಂದಿ. ಹೆಸರು, ಫೋನ್ ನಂಬರ್, ಫೋಟೊ ಎಲ್ಲ ಸೇರಿಸಿ ಪಕ್ಷದ ಕಚೇರಿಗೆ ಕಳಿಸಿದ್ದೆ. ಚಲೋ ಕೆಲಸ ಅಂತ ಮೇಲಿನವರು ಬೆನ್ನೂ ತಟ್ಟಿದ್ದರು. 11 ಮಂದಿಯಲ್ಲಿ 7 ಮಂದಿಯಾದರೂ ನಮಗೆ ವೋಟು ಹಾಕಿಲ್ಲ. ಅವರ ಮನೆಯವರೂ ಹಾಕಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯವನು. ನಾಲ್ಕು ಎಕರೆ ತೊಗರಿ ಹೊಲ ಇದೆ. ಪಕ್ಷದ ಕೆಲಸಕ್ಕೆ ಬಿದ್ದು 20 ವರ್ಷದ ಮೇಲಾಯ್ತು. ಪಕ್ಷ ಯಾವುದು ಅನ್ನೋದು ಇಲ್ಲಿ ಬೇಡ, ನಾನು ಇನ್ನೂ ಅಲ್ಲೇ ಇದ್ದೀನಿ. ತಾಲೂಕಿನಲ್ಲಿ ನಮ್ಮದು ಮೂರನೇ ಪಕ್ಷ, ಅಷ್ಟು ತಿಳಿದರೆ ಸಾಕು.

ಒಂದು ವಾರ ಬಿಟ್ಟು ಆ ಊರಿಗೆ ಹೋದೆ. ಜಗಳ ಮಾಡೋಕೆ ಹೋಗಲಿಲ್ಲ, ಯಾಕೆ ಹೀಗಾಯ್ತು ಅಂತ ಕೇಳೋಕೆ ಹೋದೆ. ಕಮಿಟಿ ಹುಡುಗರು ಯಾರೂ ಎದುರಿಗೆ ಸಿಗಲಿಲ್ಲ. ಹಣಮಂತ ದೇವರ ಗುಡಿ ಕಟ್ಟೆಯ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಕಮಿಟಿಯಲ್ಲಿ ಅವರ ಮಗನ ಹೆಸರೂ ಇತ್ತು. ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ತಮ್ಮಾ, ನೀ ಬಂದಿ, ಚಹಾ ಕುಡ್ದಿ, ಹೆಸರು ಬರಕೊಂಡು ಹೋದಿ. ನಿನ್ನ ಮಾರಿ ನೋಡಿ ಇಲ್ಲ ಅನ್ಲಿಕ್ಕೆ ಹುಡುಗುರಿಗೆ ಆಗ್ಲಿಲ್ಲ. ವೋಟು ಬ್ಯಾರೆ ಮಾತು. ನಾಳೆ ನಮ್ಮ ಸೊಸಿಗೆ ದವಾಖಾನಿಗೆ ಒಯ್ಯೋದು ಬಂದ್ರ ನೀ ಯಾರಿಗೆ ಫೋನ್ ಮಾಡ್ತಿ? ನಿನ್ನ ಮಾತು ಯಾರು ಕೇಳ್ತಾರ?"

ನಾನು ಸುಮ್ಮನಿದ್ದೆ. ಅವರೇ ಮುಂದುವರಿಸಿದರು. "ಖರ್ಗೆ ಸಾಹೇಬರಂಥವರಿಗೇ ದಿಲ್ಲಿಯಾಗ ವಿರೋಧ ಪಕ್ಷದ ನಾಯಕ ಅಂತ ಕೊಡ್ಲಿಲ್ಲ. ನಿನಗ ತಹಸೀಲ್ ಆಫೀಸಿನಾಗ ಕುರ್ಚಿ ಕೊಡ್ತಾರೇನು?"

ಅವರು ಹೇಳಿದ್ದು ಸುಳ್ಳಲ್ಲ. 2014ರಲ್ಲಿ ಕಾಂಗ್ರೆಸ್‌ಗೆ ಲೋಕಸಭೆಯಲ್ಲಿ ಬಂದದ್ದು 44 ಸೀಟು. ಒಟ್ಟು 543ರಲ್ಲಿ ಹತ್ತನೇ ಒಂದು ಪಾಲು, ಅಂದ್ರೆ 55 ಇರಬೇಕು ಅನ್ನೋ ಹಳೆಯ ರೂಢಿ ಹಿಡಿದು ಅಧಿಕೃತ ವಿರೋಧ ಪಕ್ಷದ ನಾಯಕನ ಸ್ಥಾನ ಕೊಡಲಿಲ್ಲ. ನಮ್ಮ ಕಲಬುರಗಿ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆ ಐದು ವರ್ಷ ಸದನದಲ್ಲಿ ಪಕ್ಷದ ನಾಯಕರಾಗಿಯೇ ಇದ್ದರು, ಆ ಸ್ಥಾನ ಸಿಗಲಿಲ್ಲ. ದಿಲ್ಲಿಯ ಈ ವಿಷಯ ಆ ಊರ ಕಟ್ಟೆಯ ಮೇಲೆ ಇಷ್ಟು ಸ್ಪಷ್ಟವಾಗಿ ತಿಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಸೀಟು ಕಡಿಮೆ ಆದರೆ ಮಾತಿಗೂ ಬೆಲೆ ಕಡಿಮೆ. ಮತದಾರ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾನೆ.

ಅಲ್ಲಿಯವರೆಗೆ ನಾನು ಬೇರೆ ಥರ ತಿಳಿದಿದ್ದೆ. ಆಳುವವರ ಮೇಲೆ ಜನರಿಗೆ ಸಿಟ್ಟು ಬಂದರೆ ಸಾಕು, ವೋಟು ತಾನಾಗಿ ನಮ್ಮ ಕಡೆ ಹರಿಯುತ್ತದೆ ಅಂತ. ಸಿಟ್ಟು ಇರುತ್ತದೆ, ಖರೆ. ಆದರೆ ಅದು ಗೆಲ್ಲುವವನ ಕಡೆ ಹರಿಯುತ್ತದೆ. 2019ರ ಲೋಕಸಭೆ ಚುನಾವಣೆ ನೋಡಿ. ಚಿಂಚೋಳಿ ಶಾಸಕ ಸ್ಥಾನ ಬಿಟ್ಟು ಬಿಜೆಪಿಗೆ ಹೋಗಿದ್ದ ಉಮೇಶ್ ಜಾಧವ್, ಅಲ್ಲಿಯವರೆಗೆ ಸೋಲನ್ನೇ ಕಾಣದ ಖರ್ಗೆಯವರನ್ನು 95 ಸಾವಿರಕ್ಕೂ ಜಾಸ್ತಿ ವೋಟಿನಿಂದ ಸೋಲಿಸಿದರು. 2024ರಲ್ಲಿ ಅದೇ ಕ್ಷೇತ್ರ ಕಾಂಗ್ರೆಸ್‌ನ ರಾಧಾಕೃಷ್ಣ ದೊಡ್ಡಮನಿ ಅವರಿಗೆ ಹೋಯಿತು. ನಮ್ಮ ಜನ ದೊಡ್ಡವರನ್ನು ಇಳಿಸೋಕೆ ಹೆದರೋರಲ್ಲ. ಎದುರಿಗೆ ಗೆಲ್ಲುವಂಥ ಇನ್ನೊಬ್ಬರು ಕಾಣಬೇಕು, ಅಷ್ಟೇ. ಇಬ್ಬರ ನಡುವೆ ಮೂರನೆಯವನಿಗೆ ಹಾಕಿದರೆ "ವೋಟು ಹಾಳ ಆಗ್ತದ" ಅಂತಾರೆ. ಈ ಮಾತು ನಾನು ಎಷ್ಟು ಮನೆಯ ಬಾಗಿಲಲ್ಲಿ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ.

ಗೆಲ್ಲುವವರ ಹಾಗೆ ಕಾಣೋದು ನಮ್ಮ ಕೈಯಲ್ಲಿ ಇರಲಿಲ್ಲ. ದುಡ್ಡಿಲ್ಲ, ಗಾಡಿ ಇಲ್ಲ. ತೊಗರಿ ರಾಶಿ ಮುಗಿದರೆ ನಮ್ಮ ಕಡೆಯ ತಾಂಡಾ, ಕೇರಿಗಳ ಅರ್ಧ ಜನ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗಿರುತ್ತಾರೆ. ಚುನಾವಣೆ ಬರೋದು ಏಪ್ರಿಲ್-ಮೇನಲ್ಲಿ. ಅವರನ್ನು ಕರೆಸೋಕೆ ಗಾಡಿ ಕಳಿಸುವ ಶಕ್ತಿ ನಮಗಿಲ್ಲ. ಹಾಗಾದರೆ ಅಧಿಕಾರ ಇಲ್ಲದೆ ಮಾಡಬಹುದಾದ ಕೆಲಸ ಯಾವುದು ಅಂತ ಯೋಚನೆ ಮಾಡಿದೆವು. ಹಿರಿಯರು ಕೇಳಿದ ಪ್ರಶ್ನೆಗೆ ಒಂದಿಷ್ಟಾದರೂ ಉತ್ತರ ಕೊಡಬೇಕಿತ್ತು.

2019ರಲ್ಲಿ ಒಂದು ಟೇಬಲ್ ಹಾಕಿದೆವು. ತಹಸೀಲ್ ಆಫೀಸಿನ ಹೊರಗೆ, ಬೇವಿನ ಗಿಡದ ಕೆಳಗೆ, ಚಹಾದಂಗಡಿ ಪಕ್ಕ. ಸೋಮವಾರ ಸಂತೆ, ಎಲ್ಲಾ ಊರಿನವರೂ ಬರುತ್ತಾರೆ. ಮೊದಲ ಸೋಮವಾರ ಪಕ್ಷದ ಬಾವುಟ ಕಟ್ಟಿದ್ದೆವು. ಯಾರೂ ಹತ್ತಿರ ಬರಲಿಲ್ಲ. ಮುಂದಿನ ವಾರ ಬಾವುಟ ತೆಗೆದೆವು. ಆಗ ಬಂದರು.

ಬಂದ ಕೆಲಸಗಳೆಲ್ಲ ಸಣ್ಣವು. ಒಬ್ಬ ಅಕ್ಕನಿಗೆ ವಿಧವಾ ವೇತನ ಮಂಜೂರಾಗಿತ್ತು, ದುಡ್ಡು ಮಾತ್ರ ಬರುತ್ತಿರಲಿಲ್ಲ. ಆಫೀಸಿನಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗು ಅಂತಾರೆ, ಬ್ಯಾಂಕಿನಲ್ಲಿ ಆಫೀಸಿಗೆ ಹೋಗು ಅಂತಾರೆ. ನಮ್ಮ ಹುಡುಗನೊಬ್ಬ ಆಕೆಯ ಜೊತೆ ಎರಡು ಕಡೆಗೂ ಹೋದ. ಆಕೆಗೆ ಎರಡು ಖಾತೆ ಇದ್ದವು, ಆಧಾರ್ ಜೋಡಣೆ ಆಗಿದ್ದು ಆಕೆ ಮರೆತೇ ಬಿಟ್ಟಿದ್ದ ಹಳೇ ಖಾತೆಗೆ. ದುಡ್ಡು ಅಲ್ಲಿ ಬಂದು ಬೀಳುತ್ತಾ ಇತ್ತು. ಯಾರಿಗೂ ಶಿಫಾರಸು ಬೇಕಾಗಲಿಲ್ಲ. ಒಬ್ಬರು ಜೊತೆಗೆ ಹೋಗಬೇಕಿತ್ತು, ಅಷ್ಟೇ. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿದಾಗ ಆಕೆ ಆ ಸಾಲುಗಳ ಮೇಲೆ ಕೈಯಾಡಿಸಿದ್ದು ನನಗೆ ಈಗಲೂ ನೆನಪಿದೆ. ಆಕೆಗೆ ಓದಲು ಬರುತ್ತಿರಲಿಲ್ಲ.

ಪಿಂಚಣಿ, ಪಹಣಿಯಲ್ಲಿ ಹೆಸರು ತಪ್ಪು, ಫ್ರೂಟ್ಸ್ ಐಡಿ ಅನ್ನೋ ರೈತರ ನೋಂದಣಿ ನಂಬರ್, ಬೆಳೆ ವಿಮೆ, ರೇಷನ್ ಕಾರ್ಡು. ಇವೇ. ಕೊರೋನಾ ಕಾಲದಲ್ಲಿ ಟೇಬಲ್ ನಿಂತಿತು, ಫೋನಿನಲ್ಲಿ ನಡೆಸಿದೆವು.

ಇದಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಮತದಾರರ ಪಟ್ಟಿ. 2022ರ ನವೆಂಬರ್‌ನಲ್ಲಿ ಕರಡು ಪಟ್ಟಿ ಬಂದಿತ್ತು. ಅದೇ ಊರಿನ ಗುಡಿ ಕಟ್ಟೆಯ ಮೇಲೆ ಸಂಜೆ ಕೂತು ಪಟ್ಟಿ ಓದಿದೆವು. ನಾನು ಓದುತ್ತಿದ್ದೆ, ಒಬ್ಬ ಹುಡುಗ ಮೊಬೈಲ್ ಬೆಳಕು ಹಿಡಿದಿದ್ದ. ಸುತ್ತ 30-40 ಜನ. ಎಲ್ಲಾ ಪಕ್ಷದವರೂ ಇದ್ದರು, ನಾವು ಬೇಡ ಅನ್ನಲಿಲ್ಲ.

ಒಂದೊಂದು ಹೆಸರಿಗೂ ಊರೇ ಉತ್ತರ ಕೊಡುತ್ತಿತ್ತು. "ಅವರು ತೀರಕೊಂಡು ಎರಡು ವರ್ಷ ಆಯ್ತು." "ಆಕಿ ಗಂಡನ ಮನಿಗೆ ಹೋಗ್ಯಾಳ, ಅಫಜಲಪುರ ಕಡೆ." "ಇಂವ ಪುಣೆದಾಗ ಅದಾನ, ಹೆಸರು ತೆಗೀಬ್ಯಾಡ್ರಿ." ಮನೆ ನಂಬರ್ ಪ್ರಕಾರ ಹೋಗುತ್ತಾ ಹೋಗುತ್ತಾ ಒಂದು ಕೇರಿ ಬಂದಾಗ ಜನ ಪಿಸುಗುಟ್ಟೋಕೆ ಶುರು ಮಾಡಿದರು. ಆ ಕೇರಿಯ ನಾಲ್ಕು ಮನೆಯವರ ಹೆಸರೇ ಇರಲಿಲ್ಲ. ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಇತ್ತು, ಅವರು ಗುಳೆ ಹೋಗಿದ್ದರು. ಊರು ಬಿಟ್ಟಿದ್ದಾರೆ ಅಂತ ತೆಗೆದಿದ್ದರು. ಆ ಮನೆಯ ಅಜ್ಜಿಯೊಬ್ಬರು ಅಲ್ಲೇ ಕೂತಿದ್ದರು. "ನಾ ಇಲ್ಲೇ ಅದೀನಲ್ಲೋ ಯಪ್ಪಾ" ಅಂದರು. ಯಾರೂ ನಗಲಿಲ್ಲ.

ಮರುದಿನ ಆ ಮನೆಗಳಿಗೆ ಹೋಗಿ ಹೆಸರು ಸೇರಿಸೋಕೆ ಫಾರ್ಮ್ 6 ತುಂಬಿದೆವು. ತಿದ್ದುಪಡಿ ಇದ್ದವರಿಗೆ ಫಾರ್ಮ್ 8. ಪುಣೆಯಲ್ಲಿದ್ದವರಿಗೆ ಫೋನ್ ಮಾಡಿ ವಿವರ ತರಿಸಿಕೊಂಡೆವು. ಜನವರಿಯ ಅಂತಿಮ ಪಟ್ಟಿಯಲ್ಲಿ ಅಜ್ಜಿಯ ಹೆಸರು ಬಂತು. ಬರೀ ಇಷ್ಟು ಮಾಡಿದ್ದಕ್ಕೆ ಆ ಊರಲ್ಲಿ ನಮಗೆ ಸಿಕ್ಕ ಮರ್ಯಾದೆ, 20 ವರ್ಷ ಮಾಡಿದ ಧರಣಿಗಳಿಂದ ಸಿಕ್ಕಿರಲಿಲ್ಲ. ಇದಕ್ಕೆ ಸರ್ಕಾರ ನಮ್ಮದಾಗಬೇಕು ಅಂತಿಲ್ಲ. ಬೂತ್ ಕಮಿಟಿ ಅಂದರೆ ಏನು ಮಾಡಬೇಕು ಅಂತ ನಾನು ಕಲಿತದ್ದು ಆ ಕಟ್ಟೆಯ ಮೇಲೆ. ಇಂಥ ಕೂಟ ಮೂರು ಊರಲ್ಲಿ ಮಾತ್ರ ಮಾಡೋಕೆ ಆಯ್ತು. ನಮ್ಮ ಹತ್ತಿರ ಇದ್ದ ಜನವೇ ಅಷ್ಟು.

ಧರಣಿ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಅದರ ಫಲ ಯಾರಿಗೆ ಹೋಗುತ್ತದೆ ಅನ್ನೋದು ತಿಳಿದಿರಬೇಕು. ಅದೇ ವರ್ಷ ತೊಗರಿಗೆ ನೆಟೆ ರೋಗ ಬಿತ್ತು. ಹೂವು, ಕಾಯಿ ಹಿಡಿದು ನಿಂತಿದ್ದ ಗಿಡ ಹೊಲದಲ್ಲೇ ಒಣಗಿತು. ನನ್ನ ಹೊಲವೂ ಹೋಯ್ತು. ಒಣಗಿದ ಗಿಡ ಕಿತ್ತು, ಹೊರೆ ಕಟ್ಟಿಕೊಂಡು ತಹಸೀಲ್ ಆಫೀಸಿನ ಮುಂದೆ ಹಾಕಿ ಕೂತೆವು. ಮನವಿ ಪತ್ರ ಕೊಟ್ಟೆವು. ಬೇರೆ ಸಂಘಟನೆಯವರೂ ಜಿಲ್ಲೆ ತುಂಬಾ ಕೂತಿದ್ದರು. ಕಡೆಗೆ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಅಂತ ಸರ್ಕಾರ ಹೇಳಿತು. ನಮಗೆ ಖುಷಿಯಾಯ್ತು. ಆದರೆ ಊರೂರಲ್ಲಿ ಬ್ಯಾನರ್ ಬಿದ್ದದ್ದು ಆಳುವ ಪಕ್ಷದ್ದು. ಜನ ಕೈ ಮುಗಿದದ್ದು ಅವರಿಗೆ.

ಇದು ಹೊಸದಲ್ಲ. ನಮ್ಮ ಹೈದರಾಬಾದ್ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬೇಕು ಅಂತ ವೈಜನಾಥ ಪಾಟೀಲರ ಹೋರಾಟ ಸಮಿತಿ ವರ್ಷಗಟ್ಟಲೆ ಕೂಗಿತು, ಬೀದಿಗಿಳಿಯಿತು. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿ ಆಯ್ತು, ನಮ್ಮ ಹುಡುಗರಿಗೆ ನೌಕರಿಯಲ್ಲಿ, ಕಾಲೇಜಿನಲ್ಲಿ ಪಾಲು ಸಿಕ್ಕಿತು. ಪಾಟೀಲರ ಹೆಸರನ್ನು ಈ ಭಾಗದಲ್ಲಿ ಇಂದಿಗೂ ಗೌರವದಿಂದ ಹೇಳುತ್ತಾರೆ. ಆದರೆ ವೋಟಿನ ಲೆಕ್ಕ ಬಂದಾಗ ಕೇಳಿದವನಿಗಿಂತ ಕೊಟ್ಟವನ ಕೈ ದೊಡ್ಡದಾಗಿ ಕಾಣುತ್ತದೆ. ನೆಟೆ ಪರಿಹಾರದಲ್ಲಿ ನಾವು ಮಾಡಿದ್ದು ಒಂದೇ ಬದಲಾವಣೆ. ಬ್ಯಾನರ್‌ಗೆ ಬ್ಯಾನರ್ ಕಟ್ಟಲಿಲ್ಲ. ಪರಿಹಾರ ಬರದೇ ಉಳಿದವರ ಪಟ್ಟಿ ಮಾಡಿ, ಯಾಕೆ ಬರಲಿಲ್ಲ ಅಂತ ಒಬ್ಬೊಬ್ಬರದೇ ಕಾಗದ ತೆಗೆದು ನೋಡಿದೆವು.

ಇನ್ನೊಂದು ಮಾತು ಹೇಳಲೇಬೇಕು, ಇದನ್ನು ಯಾರೂ ಮಾತಾಡೋದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯೋದಿಲ್ಲ. ತಾಲೂಕು, ಜಿಲ್ಲಾ ಪಂಚಾಯಿತಿದು ನಡೆಯುತ್ತದೆ. ಅದು ಕಡೆಯ ಸಲ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಮ್ಮಂಥ ಸಣ್ಣ ಪಕ್ಷದ ಹುಡುಗ ಎಂಎಲ್‌ಎ ಟಿಕೆಟ್ ಕೇಳುವಷ್ಟು ದೊಡ್ಡವನಲ್ಲ. ತಾಲೂಕು ಪಂಚಾಯಿತಿ ಸದಸ್ಯನಾದರೆ ಒಂದು ಕೊಳವೆಬಾವಿ, ಒಂದು ಶಾಲೆ ಕೋಣೆ ಮಾಡಿಸಿ ತೋರಿಸಬಹುದು. ಆ ಏಣಿಯೇ ಇಲ್ಲ. ನಾನು ತಯಾರು ಮಾಡಿದ ಇಬ್ಬರು ಒಳ್ಳೆಯ ಹುಡುಗರು ಕಾದು ಕಾದು ದೊಡ್ಡ ಪಕ್ಷಕ್ಕೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಯಲ್ಲಿ ಸಂಕಟ ಮಾತ್ರ ಆಗುತ್ತದೆ.

2023ರ ಮಾರ್ಚ್ 29ಕ್ಕೆ ಚುನಾವಣೆ ದಿನಾಂಕ ಬಂತು. ನೀತಿ ಸಂಹಿತೆ ಅಂತ ಟೇಬಲ್ ಎತ್ತಿದೆವು. ಆಮೇಲೆ ನಮ್ಮ ಪಕ್ಷ ಮಾಡಿದ ತಪ್ಪು ದೊಡ್ಡದು. ನಾಲ್ಕು ವರ್ಷ ಬೇವಿನ ಗಿಡದ ಕೆಳಗೆ ಕೂತವರಲ್ಲಿ ಒಬ್ಬರಿಗೆ ಟಿಕೆಟ್ ಸಿಗಬಹುದು ಅಂದುಕೊಂಡಿದ್ದೆವು. ಬೇರೆ ಪಕ್ಷದಲ್ಲಿ ಟಿಕೆಟ್ ಸಿಗದೆ ಬಂದವರೊಬ್ಬರಿಗೆ ನಾಮಪತ್ರದ ಹೊತ್ತಿಗೆ ಬಿ ಫಾರ್ಮ್ ಕೊಟ್ಟರು. ಕೈಯಲ್ಲಿ ದುಡ್ಡಿದೆ ಅನ್ನೋದೊಂದೇ ಕಾರಣ. ಪ್ರಚಾರಕ್ಕೆ ಹೋದಾಗ ಆ ವಿಧವಾ ವೇತನದ ಅಕ್ಕ ಕೇಳಿದರು, "ಅಣ್ಣಾ, ನಿಮಗ ಹಾಕಂದ್ರ ಹಾಕ್ತೀನಿ. ಇವರು ಯಾರು?" ನಾನು ಏನೋ ಹೇಳಿದೆ. ನನಗೇ ಅದು ಒಪ್ಪಿಗೆಯಾಗಲಿಲ್ಲ, ಅವರಿಗೆ ಹೇಗೆ ಆಗಬೇಕು?

ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ನಾವು ಮತ್ತೆ ಮೂರನೆಯವರು. ಚಲಾವಣೆಯಾದ ಮತದಲ್ಲಿ ಆರನೇ ಒಂದು ಪಾಲು ಬರದಿದ್ದರೆ 10 ಸಾವಿರದ ಠೇವಣಿ ಹೋಗುತ್ತದೆ. ಹೋಯ್ತು. ಆಮೇಲೆ ಫಾರ್ಮ್ 20 ತರಿಸಿ ನೋಡಿದೆ. ಕಟ್ಟೆಯ ಮೇಲೆ ಪಟ್ಟಿ ಓದಿದ ಆ ಊರಲ್ಲಿ 4 ಇದ್ದದ್ದು 97 ಆಗಿತ್ತು. ಓದಿದ ಇನ್ನೆರಡು ಊರಲ್ಲೂ ಏರಿತ್ತು. ಉಳಿದ ಕಡೆ ಹಿಂದಿನಷ್ಟೇ, ಕೆಲವು ಕಡೆ ಇನ್ನೂ ಕಮ್ಮಿ. 97 ಅಂದರೆ ಆ ಮತಗಟ್ಟೆಯಲ್ಲೂ ನಾವು ಸೋತೆವು. ಆದರೆ ಆ ಅಂಕಿಯನ್ನು ನಾನು ನಮ್ಮ ಹುಡುಗರಿಗೆಲ್ಲ ಕರೆದು ತೋರಿಸಿದೆ.

ಎಣಿಕೆ ಆಗಿದ್ದು ಶನಿವಾರ. ಸೋಮವಾರ ಸಂತೆ. ಅವತ್ತು ಹೋಗಬೇಕೋ ಬೇಡವೋ ಅಂತ ಬೆಳಗ್ಗೆ ತುಂಬಾ ಹೊತ್ತು ಕೂತೆ. ಹೆಂಡತಿ ರೊಟ್ಟಿ ಬುತ್ತಿ ಕಟ್ಟಿ ಎದುರಿಗೆ ಇಟ್ಟಳು, ಏನೂ ಮಾತಾಡಲಿಲ್ಲ. ಹೋದೆ. ಚಹಾದಂಗಡಿಯವ ಟೇಬಲ್ ತಾನೇ ಹೊರಗೆ ತಂದಿಟ್ಟಿದ್ದ. 11 ಗಂಟೆಗೆ ಒಬ್ಬರು ಬಂದು ನಿಂತರು, ನನಗಿಂತ ದೊಡ್ಡವರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಕಾಗದ.

"ನಾ ಈ ಸಲ ನಿಮಗ ಹಾಕಿಲ್ರಿ. ಸುಳ್ಳು ಯಾಕ ಹೇಳ್ಲಿ" ಅಂದರು. "ನೆಟೆ ಪರಿಹಾರ ಇನ್ನಾ ಬಂದಿಲ್ಲ. ನೋಡ್ತೀರೇನು?"

"ಕೂಡ್ರಿ ಕಾಕಾ" ಅಂದೆ. ಪಹಣಿ ತೆಗೆದೆ, ಆಧಾರ್ ಪಕ್ಕದಲ್ಲಿ ಇಟ್ಟು ನೋಡಿದೆ. ಅವರ ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ಬೇರೆ ಇತ್ತು.