ಸ್ಪ್ಯಾನಿಷ್‌ನ ‘ಗುಸ್ತಾರ್’: ಕನ್ನಡದಿಂದಲೇ ಹೋಗಿ, ಸುಲಭ

ಸ್ಪ್ಯಾನಿಷ್ ಕಲಿಯುವವರು ‘ಇಷ್ಟ’ ಅನ್ನೋದಕ್ಕೆ ಇಂಗ್ಲಿಷ್ ದಾರಿ ಹಿಡಿದು ‘ಯೊ ಗುಸ್ತೊ ಕಫೆ’ (ನಾನು ಕಾಫಿ ಇಷ್ಟಪಡ್ತೀನಿ) ಅಂತಾರೆ. ಅದು ತಪ್ಪು. ನಮ್ಮ ‘ಹಿಡಿಸು’ ಕ್ರಿಯಾಪದ ನೆನಪಿಸಿಕೊಳ್ಳಿ: ನನಗೆ ಹಾಡು ಹಿಡಿಸಿತು, ಹಾಡುಗಳು ಹಿಡಿಸಿದವು. ಕ್ರಿಯಾಪದ ‘ನನಗೆ’ ಜೊತೆ ಹೋಗಲ್ಲ, ಹಾಡಿನ ಜೊತೆ ಹೋಗುತ್ತೆ. ‘ಇಷ್ಟವಾಗು’ ಅನ್ನೋ ಅರ್ಥದ ಗುಸ್ತಾರ್ ಕೂಡ ಹಾಗೇ. ‘ಮೆ ಗುಸ್ತಾ ಎಲ್ ಕಫೆ’ (ನನಗೆ ಕಾಫಿ ಇಷ್ಟ; ‘ಮೆ’ ಅಂದರೆ ನನಗೆ), ಆದರೆ ಮಾವಿನಹಣ್ಣುಗಳಾದರೆ ‘ಮೆ ಗುಸ್ತಾನ್ ಲೋಸ್ ಮಾಂಗೋಸ್’. ಕೆಲಸಗಳು ಎರಡಿದ್ದರೂ ಏಕವಚನವೇ: ‘ಮೆ ಗುಸ್ತಾ ಕಾಂತಾರ್ ಇ ಬೈಲಾರ್’ (ಹಾಡೋದು, ಕುಣಿಯೋದು ಇಷ್ಟ).

ನಾವು ಎಡವೋದು ಬೇರೆ ಎರಡು ಕಡೆ. ಒಂದು, ಇಂಗ್ಲಿಷಿನ ‘ದ’ (the) ಥರದ ‘ಎಲ್’, ‘ಲೋಸ್’ ಬಿಟ್ಟುಬಿಡೋದು; ಕನ್ನಡದಲ್ಲಿ ಅಂಥದ್ದಿಲ್ಲ, ಅದಕ್ಕೇ ಮರೆಯುತ್ತೆ. ಇನ್ನೊಂದು, ‘ಅನಾಗೆ ಇಷ್ಟ’ ಅನ್ನುವಾಗ ‘ಆ ಅನಾ ಗುಸ್ತಾ’ ಅಂದುಬಿಡೋದು. ಹೆಸರು ಹೇಳಿದರೂ ‘ಲೆ’ (ಅವಳಿಗೆ/ಅವನಿಗೆ) ಬೇಕೇ ಬೇಕು: ‘ಆ ಅನಾ ಲೆ ಗುಸ್ತಾ ಎಲ್ ತೆ’ (ಅನಾಗೆ ಚಹಾ ಇಷ್ಟ). ಹಲವರಾದರೆ ‘ಲೆಸ್’.

ಮನುಷ್ಯರ ವಿಷಯದಲ್ಲಿ ಮಾತ್ರ ಬಹಳ ಜೋಪಾನ. ಸಹೋದ್ಯೋಗಿಗೆ ‘ಮೆ ಗುಸ್ತಾಸ್’ ಅಂದರೆ ಸಾಮಾನ್ಯವಾಗಿ ನಿನ್ನ ಮೇಲೆ ಮನಸ್ಸಾಗಿದೆ ಅಂತ ಅರ್ಥ. ಸ್ನೇಹದ ಮೆಚ್ಚುಗೆಗೆ ‘ಮೆ ಕಾಯೆಸ್ ಬಿಯೆನ್’ ಅನ್ನಿ.

ಬಹಳ ಇಷ್ಟ ಅನ್ನೋದಕ್ಕೆ ‘ಮೆ ಎಂಕಾಂತಾ’. ಅದಕ್ಕೆ ‘ಮೂಚೊ’ ಸೇರಿಸಬೇಡಿ, ‘ಬಹಳ’ ಅದರೊಳಗೇ ಇದೆ. ನೋವಿಗೂ ಇದೇ ಅಚ್ಚು: ‘ಮೆ ದ್ವೆಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತೆ.