ವೇರಿಕೋಸ್ ಆಪರೇಷನ್ ಆದ ಮೇಲೆ ದೋಸೆ ಕಲ್ಲಿನ ಮುಂದೆ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹಾಕುವುದು ನನ್ನ ಕಸುಬು. ಸೌದೆ ಒಲೆಯ ಮುಂದೆ ದಿನಕ್ಕೆ ಎಂಟೊಂಬತ್ತು ಗಂಟೆ ನಿಂತು 22 ವರ್ಷವಾಯಿತು. ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು (ಅಂದರೆ ರಕ್ತನಾಳಗಳು) ಸುರುಳಿ ಸುತ್ತಿ ಎದ್ದು, ವೇರಿಕೋಸ್ ಎನ್ನುವುದು ಇದನ್ನೇ, ಹತ್ತು ವರ್ಷವಾದರೂ ಪಂಚೆ ಇಳಿಬಿಟ್ಟು ಮುಚ್ಚಿಕೊಂಡೇ ಕಾಲ ತಳ್ಳಿದೆ. ಕಣಕಾಲಿನ ಒಳಬದಿಯ ಚರ್ಮ ಕಪ್ಪಾಯಿತು, ತುರಿಕೆ ಹತ್ತಿತು, ಕೆರೆದಲ್ಲಿ ಹುಣ್ಣಾಯಿತು. ಅದು ಎರಡು ತಿಂಗಳಾದರೂ ಮಾಯದಿದ್ದಾಗ ವೈದ್ಯರ ಹತ್ತಿರ ಹೋದೆ.

ನನ್ನನ್ನು ನಿಲ್ಲಿಸಿಕೊಂಡೇ ಡಾಪ್ಲರ್ ಸ್ಕ್ಯಾನ್ ಮಾಡಿದರು, ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಸ್ಕ್ಯಾನ್ ಅದು. ತೊಡೆಸಂದಿಯಿಂದ ಪಾದದವರೆಗೆ ಚರ್ಮದ ಕೆಳಗೇ ಇರುವ ಸಫೀನಸ್ ಎಂಬ ಉದ್ದನೆಯ ರಕ್ತನಾಳದ ಕವಾಟಗಳು ಕೆಟ್ಟಿದ್ದವು. ತೋಟದ ಪಂಪಿನ ಫುಟ್‌ವಾಲ್ವ್ ಹೋದರೆ ಪೈಪಿನಲ್ಲಿ ಏರಿದ ನೀರು ಮರಳಿ ಬಾವಿಗೆ ಇಳಿಯುತ್ತದಲ್ಲ, ಹಾಗೆಯೇ ಇದು. ಮೇಲೆ ಹೋಗಬೇಕಾದ ರಕ್ತ ಕೆಳಗಿಳಿದು ಕಣಕಾಲಿನಲ್ಲಿ ತುಂಬಿಕೊಳ್ಳುತ್ತದೆ. ಆ ನಾಳವನ್ನು ಲೇಸರಿನಿಂದ ಸುಟ್ಟು ಮುಚ್ಚಬೇಕು ಎಂದರು. "ಆ ನರವನ್ನೇ ಸುಟ್ಟುಬಿಟ್ಟರೆ ರಕ್ತ ಯಾವ ದಾರಿಯಲ್ಲಿ ಹೋಗುತ್ತದೆ ಮೇಡಂ?" ಎಂದು ನನ್ನ ಹೆಂಡತಿ ಕೇಳಿದಳು. ಕಾಲಿನ ರಕ್ತದ ಬಹುಪಾಲು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲೇ ಮೇಲೇರುತ್ತದೆ, ಅವು ಸರಿಯಾಗಿವೆ ಎಂದು ನೋಡಿಕೊಂಡೇ ಇದಕ್ಕೆ ಕೈ ಹಾಕುತ್ತೇವೆ ಎಂದರು ವೈದ್ಯರು.

ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು. ಬಿಸಿಲು ಏರುವ ಮೊದಲೇ ಮುಗಿಸಬೇಕೆಂಬುದು ನನ್ನ ಲೆಕ್ಕಾಚಾರ. ಆ ಒಂದು ವಿಷಯದಲ್ಲಿ ಬುದ್ಧಿವಂತನಾಗಿದ್ದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ದೊಡ್ಡ ನಾಳವನ್ನು ಲೇಸರಿನಿಂದ ಮುಚ್ಚಿದರು. ಮೀನಖಂಡದ ಗಂಟುಗಳನ್ನು ಅಕ್ಕಿಕಾಳಿನಷ್ಟು ಚಿಕ್ಕ ಗಾಯ ಮಾಡಿ, ಕೊಕ್ಕೆ ಹಾಕಿ ಎಳೆದು ತೆಗೆದರು. ಅಂಥ ಏಳು ಗಾಯ, ಹೊಲಿಗೆ ಒಂದೂ ಇಲ್ಲ. ಸೊಂಟದ ಕೆಳಗೆ ಸ್ಪರ್ಶ ಮರಳಲು ನಾಲ್ಕು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಮೂತ್ರ ಕಟ್ಟಿಕೊಂಡದ್ದು ಕಾಲಿನ ನೋವಿಗಿಂತ ಹೆಚ್ಚು ಕಾಡಿತು. ನಾಚಿಕೆಪಡದೆ ಸಿಸ್ಟರಿಗೆ ಹೇಳಬೇಕಿತ್ತು, ನಾನು ಒಂದು ಗಂಟೆ ಸುಮ್ಮನೆ ಒದ್ದಾಡಿದೆ. ಸಂಜೆಯೇ ಎಬ್ಬಿಸಿ ವಾರ್ಡಿನಲ್ಲಿ ನಡೆಸಿದರು.

ಮೂರನೇ ದಿನ ಬ್ಯಾಂಡೇಜ್ ಬಿಚ್ಚಿದಾಗ ತೊಡೆಯ ಒಳಬದಿ ಪೂರ್ತಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ಮುಖ ತಿರುಗಿಸಿಕೊಂಡಳು. ಅದು ಹಸಿರಾಗಿ, ಹಳದಿಯಾಗಿ, ಮೂರು ವಾರದಲ್ಲಿ ಮಾಸಿತು. ನನ್ನನ್ನು ಹೆದರಿಸಿದ್ದು ಬೇರೆ. ಐದು ದಿನ ನೋವು ಕಡಿಮೆಯಾಗುತ್ತಾ ಬಂದು ಎಂಟನೇ ದಿನ ತೊಡೆಯ ಒಳಗೆ ತಂತಿ ಬಿಗಿದಂತೆ ಎಳೆತ ಶುರುವಾಯಿತು. ಕಾಲು ಚಾಚಿದರೆ ಆ ತಂತಿ ಬೆರಳಿಗೇ ಸಿಗುತ್ತಿತ್ತು. ಆಪರೇಷನ್ ಕೆಟ್ಟಿತೆಂದು ಓಡಿದೆ. ಮುಚ್ಚಿದ ನಾಳ ಒಳಗೆ ಕುಗ್ಗುವಾಗ ಹೀಗೆ ಆಗುತ್ತದೆ, ಎರಡನೇ ವಾರದಲ್ಲಿ ಇದು ಸಾಮಾನ್ಯ ಎಂದರು. ಇದನ್ನು ಮೊದಲೇ ಹೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಆಪರೇಷನ್ ಆದ ಮೇಲೆ ಹಾಕಿಕೊಳ್ಳಬೇಕಾದ ಬಿಗಿ ಕಾಲುಚೀಲದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ತೊಡೆಯವರೆಗಿನ ಆ ಚೀಲವನ್ನು ಮೊದಲ ದಿನ ನಾವಿಬ್ಬರೂ ಸೇರಿ ಏರಿಸಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಉಪಾಯ ಗೊತ್ತಾಯಿತು. ನನ್ನದು ಬೆರಳು ತೆರೆದಿರುವ ಬಗೆಯದು. ಪಾದಕ್ಕೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹಾಕಿ ಅದರ ಮೇಲೆ ಚೀಲ ಜಾರಿಸಿ, ಕೊನೆಗೆ ಬೆರಳಿನ ಕಡೆಯಿಂದ ಕವರನ್ನು ಎಳೆದುಕೊಂಡರೆ ಆಯಿತು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ, ಉಗುರು ತಾಗಿ ಹರಿಯುವುದಿಲ್ಲ. ಬೆಳಿಗ್ಗೆ ಕಾಲು ಬಾತುಕೊಳ್ಳುವ ಮೊದಲು, ಹಾಸಿಗೆಯ ಮೇಲೆಯೇ ಹಾಕಿಕೊಳ್ಳಬೇಕು. ಮೇಲಂಚು ಸುರುಳಿಯಾಗಿ ಕೆಳಗಿಳಿಯಲು ಬಿಡಬಾರದು, ಅದು ದಾರ ಕಟ್ಟಿದಂತೆ ಬಿಗಿಯುತ್ತದೆ.

ಈಗ ನನ್ನ ತಪ್ಪು. "ಮೂರ್ನಾಲ್ಕು ದಿನದಲ್ಲಿ ಕೆಲಸಕ್ಕೆ ಹೋಗಬಹುದು" ಎಂದಿದ್ದರು. ಕುರ್ಚಿಯ ಕೆಲಸದವರಿಗೆ ಆ ಮಾತು ಸರಿ. ನನ್ನ ಕೆಲಸ ಏನೆಂದು ಅವರು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಹತ್ತನೇ ದಿನ, ಭಾನುವಾರ, ಗಿರಾಕಿಗಳು ಜಾಸ್ತಿಯೆಂದು ಕಲ್ಲಿನ ಮುಂದೆ ಎರಡು ಗಂಟೆ ನಿಂತೆ. ರಾತ್ರಿ ಪಾದದ ತುದಿ ಚೀಲದ ಹೊರಗೆ ಉಬ್ಬಿ ಉದ್ದಿನ ವಡೆಯಂತಾಗಿತ್ತು. ನಡೆದಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಂತರೆ ಆ ಪಂಪು ನಿಂತಂತೆ. ಜೊತೆಗೆ ಒಲೆಯ ಝಳಕ್ಕೆ ನಾಳಗಳು ಇನ್ನಷ್ಟು ಹಿಗ್ಗುತ್ತವೆ. ಅಂದಿನಿಂದ ದಿನಕ್ಕೆ ಮೂರು ಬಾರಿ 20 ನಿಮಿಷ ನಡೆದೆ. ಮಲಗಿದಾಗ ಕಾಲಿನ ಕೆಳಗೆ ಎರಡು ದಿಂಬು. ಕಲ್ಲಿಗೆ ಮರಳಿದ್ದು ಐದನೇ ವಾರ, ಅದೂ ಅರ್ಧ ದಿನ.

ಹರಿಹರದಿಂದ ಅಕ್ಕ ಎಣ್ಣೆ ಕಾಯಿಸಿಕೊಂಡು ಬಂದಿದ್ದಳು. ಗಂಟು ತೆಗೆದ ಜಾಗದಲ್ಲಿ ಕಡಲೆಕಾಳಿನಂಥ ಗಟ್ಟಿ ಗುಳ್ಳೆಗಳು ಕೈಗೆ ಸಿಗುತ್ತಿದ್ದವು, ತಿಕ್ಕಿ ಕರಗಿಸುತ್ತೇನೆಂದು ಅವಳ ಹಟ. ಒಳಗೆ ಉಳಿದ ರಕ್ತ ಹೆಪ್ಪುಗಟ್ಟಿ ಆದವು ಅವು. ತಾವಾಗಿಯೇ ಕರಗುತ್ತವೆ, ತಿಕ್ಕಬೇಡಿ ಎಂದಿದ್ದರು. ಎರಡು ತಿಂಗಳಲ್ಲಿ ಕರಗಿದವು. ಎಣ್ಣೆ ಚೀಲದ ಎಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಅಕ್ಕನಿಗೆ ಸ್ವಲ್ಪ ಬೇಸರವಾಯಿತು, ಎಣ್ಣೆ ಭಾವನ ಮೊಣಕಾಲಿಗೆ ಹೋಯಿತು.

ಮನೆಗೆ ಕಳಿಸುವಾಗ ವೈದ್ಯರು ಒಂದೇ ಒಂದು ವಿಷಯವನ್ನು ಎರಡು ಸಲ ಹೇಳಿದರು. ಮೀನಖಂಡ ಇದ್ದಕ್ಕಿದ್ದಂತೆ ಬಾತು ಬಿಗಿದು ನೋಯಲು ಹತ್ತಿದರೆ ಕೂಡಲೇ ಬನ್ನಿ. ಎದೆನೋವು, ಏದುಸಿರು ಬಂದರೆ ನಮಗೆ ಫೋನ್ ಮಾಡುತ್ತಾ ಕೂರಬೇಡಿ, ಹತ್ತಿರದ ತುರ್ತು ಚಿಕಿತ್ಸೆಗೆ ಹೋಗಿ. ಆಳದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವ ಅಪಾಯ ಅಪರೂಪವಾದರೂ ಇದೆಯಂತೆ. ನನಗೆ ಆಗಲಿಲ್ಲ.

ಈಗ ಒಂದು ವರ್ಷ. ಹುಣ್ಣು ಮಾಯ್ದಿದೆ, ಸಂಜೆಯ ಭಾರ ಹೋಗಿದೆ, ಚರ್ಮದ ಕಪ್ಪು ಹಾಗೆಯೇ ಇದೆ. ಕಲ್ಲಿನ ಪಕ್ಕ ಎತ್ತರದ ಸ್ಟೂಲ್ ಬಂದಿದೆ. ಆಪರೇಷನ್ ಆದಾಗಿನಿಂದ ಕಣಕಾಲಿನ ಒಳಬದಿಯಲ್ಲಿ ಅರ್ಧ ಅಂಗೈಯಷ್ಟು ಜಾಗ ಇನ್ನೂ ಮರಗಟ್ಟಿದೆ. ಹೋದ ತಿಂಗಳು ಒಲೆಯ ಕಿಡಿ ಸಿಡಿದು ಅಲ್ಲಿ ಬೊಬ್ಬೆ ಎದ್ದದ್ದು ಸ್ನಾನದ ಹೊತ್ತಿಗಷ್ಟೇ ಕಣ್ಣಿಗೆ ಬಿತ್ತು. ಅದಕ್ಕೇ ಈಗ ಪಂಚೆ ಬಿಟ್ಟು ಪ್ಯಾಂಟಿನಲ್ಲಿ ದೋಸೆ ಹಾಕುತ್ತೇನೆ.